ಶೆಲ್ ಸ್ಕ್ರಿಪ್ಟ್‌ನಿಂದ ಲಿಕ್ವಿಬೇಸ್ ಓಡಿಸೋದು: ಹಂತ ಹಂತವಾಗಿ, ಎಲ್ಲೆಲ್ಲಿ ಕೈಕೊಡತ್ತೆ ಅನ್ನೋದರ ಸಮೇತ

ಡೇಟಾಬೇಸ್‌ನ ಬದಲಾವಣೆಗಳನ್ನ ‘ಚೇಂಜ್‌ಲಾಗ್’ ಅನ್ನೋ ಫೈಲ್‌ನಲ್ಲಿ ‘ಚೇಂಜ್‌ಸೆಟ್’ ಅನ್ನೋ ತುಂಡುಗಳಾಗಿ ಬರೆದಿಟ್ರೆ, ಇನ್ನೂ ಓಡದೇ ಇರೋದನ್ನ ಓಡಿಸೋ ಟೂಲ್ ಲಿಕ್ವಿಬೇಸ್. ಅದನ್ನ ಕೈಯಲ್ಲಿ ಟೈಪ್ ಮಾಡಿದ್ರೆ ನೆಟ್ಟಗೆ ನಡೆಯತ್ತೆ, ಅದನ್ನೇ ಸ್ಕ್ರಿಪ್ಟ್‌ಗೆ ಹಾಕಿದ್ರೆ ಬಿದ್ದೋಗತ್ತೆ. ಈ ದೂರು ಎಷ್ಟು ಸಲ ಬಂದ್ರೂ ಕಾರಣ ಹೆಚ್ಚುಕಮ್ಮಿ ಒಂದೇ. ನಿಮ್ಮ ಟರ್ಮಿನಲ್ ಸದ್ದಿಲ್ದೆ ಎಷ್ಟೋ ಕೆಲಸ ಮಾಡಿಟ್ಟಿರತ್ತೆ, ಪಾತ್ (ಕಮಾಂಡ್‌ಗಳನ್ನ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಸೆಟ್ ಆಗಿರತ್ತೆ, ಜಾವಾ ಎಲ್ಲಿದೆ ಅಂತ ಗೊತ್ತಿರತ್ತೆ, ನೀವು ಸರಿಯಾದ ಫೋಲ್ಡರ್‌ನಲ್ಲೇ ನಿಂತಿರ್ತೀರ, ಪಾಸ್‌ವರ್ಡ್ ಕೇಳಿದ್ರೆ ಹೊಡೆಯೋಕೆ ಮುಂದೆ ಒಬ್ಬ ಮನುಷ್ಯ ಕೂತಿರ್ತಾನೆ. ಸ್ಕ್ರಿಪ್ಟ್‌ಗೆ ಇದ್ಯಾವ್ದೂ ಇಲ್ಲ. ಬೇಕಾದ್ದನ್ನೆಲ್ಲ ಅದೇ ಹೊತ್ಕೊಂಡು ಹೋಗ್ಬೇಕು. ಕೆಳಗಿರೋ ಹಂತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲಿಕ್ವಿಬೇಸ್ ಶುರು ಆಗೋಕೆ ಮುಂಚಿನದೇ, ಯಾಕಂದ್ರೆ ತಪ್ಪಾಗೋದೂ ಅಲ್ಲೇ.

ಇದೇ ಥರದ ಇನ್ನೊಂದು ಟೂಲ್ ಫ್ಲೈವೇ ಬಳಸೋರಿಗೂ ಹೆಚ್ಚುಕಮ್ಮಿ ಇದೇ ಕ್ರಮ ನಡೆಯತ್ತೆ, ಹೆಸರುಗಳು, ಕೆಲವು ವಿವರಗಳು ಬೇರೆ. ಇನ್ನೊಂದು, ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಲಿಪಿಯಲ್ಲೇ ಬರ್ದಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಮಾತ್ರ ದೊಡ್ಡಕ್ಷರ.

## ಶುರು ಮಾಡೋಕೆ ಮುಂಚೆ ಏನೇನು ಇರ್ಬೇಕು

ಬ್ಯಾಶ್, ಜಾವಾ, ಬಿಚ್ಚಿಟ್ಟಿರೋ ಲಿಕ್ವಿಬೇಸ್ ಫೋಲ್ಡರ್, ನಿಮ್ಮ ಡೇಟಾಬೇಸ್‌ಗೆ ಸರಿಹೊಂದೋ ಜೆಡಿಬಿಸಿ ಡ್ರೈವರ್ ಜಾರ್ (ಜಾವಾ ಡೇಟಾಬೇಸ್ ಜೊತೆ ಮಾತಾಡೋಕೆ ಬೇಕಾದ ಫೈಲ್). ಇವಿಷ್ಟು ಕಡ್ಡಾಯ. ಇದರ ಜೊತೆ ‘ಶೆಲ್‌ಚೆಕ್’ ಹಾಕ್ಕೊಳ್ಳಿ, ಕೋಟ್ ಬಿಟ್ಟಿರೋ ಕಡೆ ಎಲ್ಲ ಅದೇ ಬೆರಳು ತೋರಿಸತ್ತೆ. ಬ್ಯಾಕಪ್‌ಗೆ ಪೋಸ್ಟ್‌ಗ್ರೆಸ್ ಆದ್ರೆ ‘ಪಿಜಿ_ಡಂಪ್’, ಮೈಎಸ್‌ಕ್ಯೂಎಲ್ ಆದ್ರೆ ‘ಮೈಎಸ್‌ಕ್ಯೂಎಲ್‌ಡಂಪ್’.

ಡೇಟಾಬೇಸ್ ಯೂಸರ್ ಕೂಡ ಬೇರೆ ಇರ್ಲಿ. ಅಪ್ಲಿಕೇಶನ್ ಬಳಸೋ ಯೂಸರ್‌ಗೆ ಟೇಬಲ್ ಬದಲಾಯಿಸೋ ಹಕ್ಕು ಕೊಟ್ಟು ಕೆಲಸ ಮುಗಿಸೋದು ಸುಲಭ, ಆಮೇಲೆ ಆ ಹಕ್ಕು ವಾಪಸ್ ತಗೊಳ್ಳೋರು ಯಾರೂ ಇರಲ್ಲ.

## ಹಂತ 1: ಮೇಲಿನ ಎರಡು ಸಾಲು

ಮೊದಲ ಸಾಲು ‘#!/ಬಿನ್/ಬ್ಯಾಶ್’ ಇರ್ಲಿ, ‘/ಬಿನ್/ಎಸ್‌ಎಚ್’ ಬೇಡ. ಡೆಬಿಯನ್, ಉಬುಂಟುನಲ್ಲಿ ‘ಎಸ್‌ಎಚ್’ ಅಂದ್ರೆ ಡ್ಯಾಶ್, ಬ್ಯಾಶ್ ಅಲ್ಲ. ಎರಡು ಚೌಕ ಬ್ರಾಕೆಟ್ ‘[[’, ಅರೇ, ಇವೆಲ್ಲ ಅಲ್ಲಿ ನಡೆಯಲ್ಲ. ಸ್ಕ್ರಿಪ್ಟನ್ನ ‘ಎಸ್‌ಎಚ್ ಫೈಲ್‌ಹೆಸರು’ ಅಂತ ಓಡಿಸಿದ್ರೆ ನಿಮ್ಮ ಮೊದಲ ಸಾಲಿಗೆ ಬೆಲೆನೇ ಇಲ್ಲ ಅನ್ನೋದೂ ನೆನಪಿರ್ಲಿ, ತುಂಬಾ ಜನ ಎಡವೋದು ಇಲ್ಲೇ.

ಎರಡನೇ ಸಾಲು ‘ಸೆಟ್ -ಇಯು -ಒ ಪೈಪ್‌ಫೇಲ್’. ‘ಇ’ ಅಂದ್ರೆ ಒಂದು ಕಮಾಂಡ್ ಸೋತ್ರೆ ಅಲ್ಲೇ ನಿಲ್ಲು, ‘ಯು’ ಅಂದ್ರೆ ಬೆಲೆ ಇಲ್ಲದ ವೇರಿಯಬಲ್ ಬಂದ್ರೆ ನಿಲ್ಲು, ಪೈಪ್‌ಫೇಲ್ ಅಂದ್ರೆ ಪೈಪ್‌ನಲ್ಲಿ ಯಾವುದೇ ತುಂಡು ಸೋತ್ರೂ ಅದನ್ನ ಸೋಲು ಅಂತಾನೇ ಲೆಕ್ಕ ಹಾಕು. ಆದ್ರೆ ‘ಇ’ ನಂಬ್ಕೊಂಡು ಪೂರ್ತಿ ನಿಶ್ಚಿಂತೆ ಆಗ್ಬೇಡಿ, ಒಂದು ಫಂಕ್ಷನ್‌ನ ‘ಇಫ್’ ಒಳಗೆ ಅಥವಾ ‘||’ ಮುಂಚೆ ಕರೆದ್ರೆ ಆ ಫಂಕ್ಷನ್ ಒಳಗಡೆ ಅದು ಸುಮ್ನಿದ್ದುಬಿಡತ್ತೆ.

ಎಚ್ಚರಿಕೆ ಗುರುತು: ‘ಬ್ಯಾಡ್ ಇಂಟರ್‌ಪ್ರಿಟರ್’ ಅಂತ ಬಂದು ಕೊನೆಯಲ್ಲಿ ‘^ಎಂ’ ಕಂಡ್ರೆ ಫೈಲ್ ವಿಂಡೋಸ್‌ನಲ್ಲಿ ಸೇವ್ ಆಗಿದೆ ಅಂತರ್ಥ. ‘ಡಾಸ್2ಯೂನಿಕ್ಸ್’ ಓಡಿಸಿ, ಮುಂದಕ್ಕೆ ಹೋಗಿ.

## ಹಂತ 2: ಎಲ್ಲಿ ನಿಂತಿದೀವಿ ಅನ್ನೋದು

ಇದು ಸಣ್ಣ ವಿಷಯ ಅಂತ ಅನ್ಸತ್ತೆ, ಆದ್ರೆ ಲಿಕ್ವಿಬೇಸ್ ವಿಷಯದಲ್ಲಿ ಅತಿ ದೊಡ್ಡ ಅನಾಹುತ ಆಗೋದು ಇಲ್ಲಿಂದಲೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಸ್ಕ್ರಿಪ್ಟ್ ಎಲ್ಲಿಂದ ಓಡಿಸ್ತೀರೋ ಅದೇ ಅದರ ಕರೆಂಟ್ ಫೋಲ್ಡರ್, ಫೈಲ್ ಇರೋ ಜಾಗ ಅಲ್ಲ. ಲಿಕ್ವಿಬೇಸ್ ತನ್ನ ‘ಲಿಕ್ವಿಬೇಸ್.ಪ್ರಾಪರ್ಟೀಸ್’ ಫೈಲನ್ನ ನೀವು ಬೇರೇನೂ ಹೇಳ್ದಿದ್ರೆ ಕರೆಂಟ್ ಫೋಲ್ಡರ್‌ನಲ್ಲಿ ಹುಡುಕತ್ತೆ. ಆದ್ರಿಂದ ಮೂರನೇ ಸಾಲು ‘ಸಿಡಿ "$(ಡಿರ್‌ನೇಮ್ "$0")"’ ಇರ್ಬೇಕು, ಒಳಗೂ ಹೊರಗೂ ಎರಡೂ ಕಡೆ ಡಬಲ್ ಕೋಟ್ ಸಮೇತ, ಇಲ್ಲಾಂದ್ರೆ ಫೋಲ್ಡರ್ ಹೆಸರಲ್ಲಿ ಒಂದು ಸ್ಪೇಸ್ ಬಂದ್ರೂ ಕತೆ ಮುಗೀತು. ಸಿಮ್‌ಲಿಂಕ್ (ಬೇರೆ ಫೈಲ್ ಕಡೆ ಬೆರಳು ತೋರಿಸೋ ಶಾರ್ಟ್‌ಕಟ್) ಮೂಲಕ ಕರೀತೀರಾದ್ರೆ ‘$0’ ಲಿಂಕ್ ಇರೋ ಜಾಗ ತೋರಿಸತ್ತೆ, ಆಗ ‘ರೀಡ್‌ಲಿಂಕ್ -ಎಫ್’ ಸೇರಿಸ್ಬೇಕು.

ಈಗ ಅಸಲಿ ವಿಷಯ. ಲಿಕ್ವಿಬೇಸ್ ಒಂದು ಚೇಂಜ್‌ಸೆಟ್ ಈಗಾಗ್ಲೇ ಓಡಿದೆಯಾ ಅಂತ ನೋಡೋದು ಮೂರನ್ನ ಸೇರಿಸಿ: ಐಡಿ, ಆಥರ್, ಮತ್ತೆ ಫೈಲ್‌ನ ಪಾತ್. ಈ ಮೂರೂ ‘ಡೇಟಾಬೇಸ್‌ಚೇಂಜ್‌ಲಾಗ್’ ಅನ್ನೋ ಟೇಬಲ್‌ನಲ್ಲಿ ಕೂತಿರತ್ತೆ. ಮೊದ್ಲು ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ನಿಂತು ‘ಡಿಬಿ/ಮೇನ್.ಎಕ್ಸ್‌ಎಂಎಲ್’ ಅಂತ ಕೊಟ್ಟು ಓಡಿಸಿದ್ರಿ ಅಂತಿಟ್ಕೊಳ್ಳಿ, ಆಮೇಲೆ ಇನ್ಯಾರೋ ಬಂದು ‘ಡಿಬಿ’ ಒಳಗೇ ಹೋಗಿ ಬರೀ ‘ಮೇನ್.ಎಕ್ಸ್‌ಎಂಎಲ್’ ಅಂತ ಕೊಟ್ರು. ನಿಮ್ಮ ಕಣ್ಣಿಗೆ ಅದೇ ಫೈಲ್. ಲಿಕ್ವಿಬೇಸ್ ಲೆಕ್ಕದಲ್ಲಿ ಎಲ್ಲ ಚೇಂಜ್‌ಸೆಟ್‌ಗಳೂ ಹೊಸವು, ಮೊದಲಿಂದ ಓಡಿಸೋಕೆ ಶುರು ಮಾಡತ್ತೆ. ‘ಟೇಬಲ್ ಈಗಾಗ್ಲೇ ಇದೆ’ ಅಂತ ಎರರ್ ಬಂದು ನಿಂತ್ರೆ ನಿಮ್ಮ ಅದೃಷ್ಟ. ಮೊದಲನೇ ಚೇಂಜ್‌ಸೆಟ್ ಬರೀ ಇನ್ಸರ್ಟ್ ಆಗಿದ್ರೆ ಎರರ್ರೂ ಇಲ್ಲ, ಸಾಲುಗಳು ಎರಡೆರಡು ಸಲ ಸೇರ್ಕೊಂಡಿರತ್ತೆ, ಗೊತ್ತಾಗೋದು ವಾರ ಬಿಟ್ಟು.

ಹಾಗಾಗಿ ಚೇಂಜ್‌ಲಾಗ್ ಪಾತ್ ಅನ್ನೋದು ಸ್ಕ್ರಿಪ್ಟ್ ಒಳಗೆ ಒಂದೇ ಕಡೆ, ಒಂದೇ ರೀತಿ ಬರೆದಿರ್ಲಿ. ಯಾರೂ ಅದನ್ನ ಹೊರಗಿನಿಂದ ಆರ್ಗ್ಯುಮೆಂಟ್ ಆಗಿ ಕೊಡೋ ಹಾಗಿರಬಾರ್ದು. ಫೈಲ್‌ಗಳನ್ನ ಮುಂದೆ ಜಾಗ ಬದಲಾಯಿಸ್ಬೇಕು ಅಂತಿದ್ರೆ ಚೇಂಜ್‌ಲಾಗ್‌ನಲ್ಲೇ ‘ಲಾಜಿಕಲ್‌ಫೈಲ್‌ಪಾತ್’ (logicalFilePath, ಇಲ್ಲಿ ಮಾತ್ರ F, P ದೊಡ್ಡಕ್ಷರ) ಅಂತ ಒಂದು ಆಟ್ರಿಬ್ಯೂಟ್ ಇದೆ, ಅದನ್ನ ಕೊಟ್ರೆ ನಿಜವಾದ ಪಾತ್ ಏನೇ ಇದ್ರೂ ಟೇಬಲ್‌ನಲ್ಲಿ ಆ ಹೆಸರೇ ಹೋಗತ್ತೆ. ಹಳೇ ಡೇಟಾಬೇಸ್‌ಗೆ ಕೊಡೋದಾದ್ರೆ ಟೇಬಲ್‌ನಲ್ಲಿ ಈಗ ಏನು ಬರ್ದಿದ್ಯೋ ಅಕ್ಷರಶಃ ಅದನ್ನೇ ಕೊಡಿ.

## ಹಂತ 3: ಜಾವಾ ಮತ್ತು ಡ್ರೈವರ್

ಜಾವಾ ಎಲ್ಲಿದೆ ಅಂತ ಹೇಳೋ ‘ಜಾವಾ_ಹೋಮ್’ ಅನ್ನೋ ವೇರಿಯಬಲ್, ಟರ್ಮಿನಲ್ ತೆರೆದಾಗ ಓದೋ ನಿಮ್ಮ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಇರತ್ತೆ, ಹೇಳಿದ ಹೊತ್ತಿಗೆ ತಾನಾಗೇ ಕಮಾಂಡ್ ಓಡಿಸೋ ಕ್ರಾನ್ ಆ ಫೈಲ್ ಓದಲ್ಲ. ಅದನ್ನ ಸ್ಕ್ರಿಪ್ಟ್ ಒಳಗೇ ಎಕ್ಸ್‌ಪೋರ್ಟ್ ಮಾಡಿ, ಅದರ ಕೆಳಗೇ ‘[ -ಎಕ್ಸ್ "$ಜಾವಾ_ಹೋಮ್/ಬಿನ್/ಜಾವಾ" ]’ ಅಂತ ಒಂದು ಚೆಕ್ ಹಾಕಿ, ಇಲ್ಲ ಅಂದ್ರೆ ಅರ್ಥ ಆಗೋ ಮೆಸೇಜ್ ಕೊಟ್ಟು ನಿಲ್ಲಿಸಿ. ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡೋ ನಂಬರ್, 0 ಅಂದ್ರೆ ಗೆಲುವು) 127 ಬಂದ್ರೆ ಕಮಾಂಡೇ ಸಿಕ್ಕಿಲ್ಲ, 126 ಬಂದ್ರೆ ಸಿಕ್ಕಿದೆ ಆದ್ರೆ ಓಡಿಸೋಕೆ ಪರ್ಮಿಷನ್ ಇಲ್ಲ.

ಡ್ರೈವರ್ ಜಾರನ್ನ ಲಿಕ್ವಿಬೇಸ್‌ನ ‘ಲಿಬ್’ ಫೋಲ್ಡರ್‌ಗೆ ಹಾಕಿ, ಅಲ್ಲಿಗೆ ಸಾಕು.

ಲಿಕ್ವಿಬೇಸ್ ಬಿಟ್ಟು ಬೇರೆ ಸ್ಕೀಮಾ ಟೂಲನ್ನ ನೇರವಾಗಿ ‘ಜಾವಾ -ಜಾರ್’ ಅಂತ ಓಡಿಸೋರು ಒಂದು ತಿಳ್ಕೊಳ್ಳಿ: ‘-ಜಾರ್’ ಕೊಟ್ರೆ ಜಾವಾ ‘-ಸಿಪಿ’ಯನ್ನ (ಬೇಕಾದ ಜಾರ್‌ಗಳ ಪಟ್ಟಿ ಕೊಡೋ ಆಯ್ಕೆ) ಕಣ್ಣೆತ್ತಿಯೂ ನೋಡಲ್ಲ. ಎರಡೂ ಒಟ್ಟಿಗೆ ಬರೆದು ‘ನೋ ಸೂಟಬಲ್ ಡ್ರೈವರ್’ ಅಂತ ಎರರ್ ಬಂತು ಅಂತ ಒದ್ದಾಡೋರು ಬೇಕಾದಷ್ಟು ಜನ. ‘-ಸಿಪಿ’ಯಲ್ಲೇ ಎರಡು ಜಾರನ್ನೂ ಕೊಟ್ಟು ಮೇನ್ ಕ್ಲಾಸ್ ಹೆಸರು ಬರೀರಿ. ಯೂನಿಕ್ಸ್‌ನಲ್ಲಿ ಜಾರ್‌ಗಳ ಮಧ್ಯೆ ಕೋಲನ್ ಬರ್ಬೇಕು. ವಿಂಡೋಸ್ ಉದಾಹರಣೆ ಕಾಪಿ ಮಾಡಿ ಸೆಮಿಕೋಲನ್ ಹಾಗೇ ಬಿಟ್ರೆ ಶೆಲ್ ಅಲ್ಲಿಗೆ ಕಮಾಂಡ್ ಮುಗೀತು ಅಂದ್ಕೊಳ್ಳತ್ತೆ. ‘ಲಿಬ್/*’ ಅಂತ ಬರೀವಾಗ ಕೋಟ್ ಒಳಗಿಡಿ, ಆ ನಕ್ಷತ್ರವನ್ನ ಬಿಡಿಸ್ಬೇಕಾಗಿರೋದು ಜಾವಾ, ಶೆಲ್ ಅಲ್ಲ.

## ಹಂತ 4: ಯುಆರ್‌ಎಲ್, ಪಾಸ್‌ವರ್ಡ್

ಜೆಡಿಬಿಸಿ ಯುಆರ್‌ಎಲ್ ಒಳಗೆ ‘?’ ‘&’ ‘;’ ಎಲ್ಲ ಬರತ್ತೆ. ಕೋಟ್ ಇಲ್ದೆ ಬಿಟ್ರೆ ‘&’ ಕಂಡ ತಕ್ಷಣ ಶೆಲ್ ಅಲ್ಲಿವರೆಗಿನದನ್ನ ಬ್ಯಾಕ್‌ಗ್ರೌಂಡ್‌ಗೆ ತಳ್ಳಿ ಉಳಿದಿದ್ದನ್ನ ಬೇರೆ ಕಮಾಂಡ್ ಅಂತ ತಗೊಳ್ಳತ್ತೆ. ಸ್ಕ್ರಿಪ್ಟ್ ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗಿದುಬಿಡ್ತು, ಲಾಗ್ ಮಾತ್ರ ಆಮೇಲೆ ಎಲ್ಲಿಂದಲೋ ಬರ್ತಾ ಇದೆ ಅಂದ್ರೆ ಇದೇ ಕಾರಣ. ಸಿಂಗಲ್ ಕೋಟ್ ಹಾಕಿ.

ಪಾಸ್‌ವರ್ಡನ್ನ ಕಮಾಂಡ್ ಸಾಲಲ್ಲಿ ಕೊಡ್ಬೇಡಿ, ‘ಪಿಎಸ್’ ಹೊಡೆದ್ರೆ ಸಾಮಾನ್ಯವಾಗಿ ಅದೇ ಮೆಷಿನ್‌ನಲ್ಲಿರೋ ಎಲ್ರಿಗೂ ಕಾಣತ್ತೆ. ಒಂದು ಬೇರೆ ಫೈಲ್‌ನಲ್ಲಿ ‘ಲಿಕ್ವಿಬೇಸ್_ಕಮಾಂಡ್_ಯುಆರ್‌ಎಲ್’, ‘ಲಿಕ್ವಿಬೇಸ್_ಕಮಾಂಡ್_ಯೂಸರ್‌ನೇಮ್’, ‘ಲಿಕ್ವಿಬೇಸ್_ಕಮಾಂಡ್_ಪಾಸ್‌ವರ್ಡ್’ ಅಂತ ಮೂರು ಎಕ್ಸ್‌ಪೋರ್ಟ್ ಬರೆದು, ಫೈಲ್‌ಗೆ 600 ಪರ್ಮಿಷನ್ (ಮಾಲೀಕ ಮಾತ್ರ ಓದ್ಬೋದು, ಬರೀಬೋದು) ಕೊಟ್ಟು, ಸ್ಕ್ರಿಪ್ಟ್‌ನಿಂದ ಚುಕ್ಕಿ ಕಮಾಂಡ್‌ನಲ್ಲಿ ಓದಿಸಿ. ಇದನ್ನ ಲಿಕ್ವಿಬೇಸ್ ತಾನಾಗೇ ಎತ್ಕೊಳ್ಳತ್ತೆ. ಎನ್ವಿರಾನ್ಮೆಂಟ್ ಕಾಣೋದು ಅದೇ ಯೂಸರ್‌ಗೆ ಮತ್ತೆ ರೂಟ್‌ಗೆ ಮಾತ್ರ. ಈ ಫೈಲ್ ಗಿಟ್‌ಗೆ ಹೋಗದ ಹಾಗೆ ನೋಡ್ಕೊಳ್ಳಿ. ಪಾಸ್‌ವರ್ಡ್‌ನಲ್ಲಿ ‘$’ ಇದ್ರೆ ಇಲ್ಲೂ ಸಿಂಗಲ್ ಕೋಟೇ ಬೇಕು.

ಡೀಬಗ್ ಮಾಡೋಕೆ ‘ಸೆಟ್ -ಎಕ್ಸ್’ (ಓಡೋ ಪ್ರತಿ ಸಾಲನ್ನೂ ತೋರಿಸೋ ಆಯ್ಕೆ) ಹಾಕಿ ಮರೆತುಬಿಡೋದು ಮಾಮೂಲಿ. ಆ ಫೈಲ್ ಓದೋ ಸಾಲು ಬಂದಾಗ ಪಾಸ್‌ವರ್ಡ್ ಸೀದಾ ಲಾಗ್‌ಗೆ ಬೀಳತ್ತೆ. ಲಾಗ್ ಫೈಲ್ ಹತ್ತು ಜನ ನೋಡ್ತಾರೆ.

## ಹಂತ 5: ಒಂದು ಹೊತ್ತಿಗೆ ಒಂದೇ ಓಟ

ಲಿಕ್ವಿಬೇಸ್‌ಗೆ ತನ್ನದೇ ಲಾಕ್ ಇದೆ, ‘ಡೇಟಾಬೇಸ್‌ಚೇಂಜ್‌ಲಾಗ್‌ಲಾಕ್’ ಅನ್ನೋ ಟೇಬಲ್. ಹಾಗಿದ್ರೂ ಸ್ಕ್ರಿಪ್ಟ್‌ಗೆ ಬೇರೆ ಲಾಕ್ ಹಾಕಿ ಅಂತೀನಿ. ಎರಡನೇ ಓಟ ಶುರುವಾಗಿ ಅದೇ ಹೆಸರಿನ ಬ್ಯಾಕಪ್ ಫೈಲ್ ಮೇಲೆ ಬರೆದುಬಿಟ್ರೆ ಆ ಟೇಬಲ್ ಏನೂ ಕಾಪಾಡಲ್ಲ.

ಲಿನಕ್ಸ್‌ನಲ್ಲಿ ‘ಎಕ್ಸೆಕ್ 9>ಲಾಕ್‌ಫೈಲ್’ ಅಂತ ಒಂದು ಸಾಲು, ಅದರ ಕೆಳಗೆ ‘ಎಫ್‌ಲಾಕ್ -ಎನ್ 9 || ಎಕ್ಸಿಟ್ 1’. ಮುಗೀತು. ಫೈಲ್ ಇದೆಯಾ ಅಂತ ನೋಡಿ ಇಲ್ಲದಿದ್ರೆ ಮಾಡೋ ಹಳೇ ಪದ್ಧತಿ ಬೇಡ, ಸ್ಕ್ರಿಪ್ಟ್ ಸತ್ರೆ ಫೈಲ್ ಉಳಿದುಹೋಗಿ ಮುಂದಿನ ಓಟಕ್ಕೆ ಅಡ್ಡ ಬರತ್ತೆ. ಎಫ್‌ಲಾಕ್‌ನಲ್ಲಿ ಇನ್ನೊಂದು ಲಾಭ ಇದೆ, ಅದು ಹಂತ 8ರಲ್ಲಿ. ಮ್ಯಾಕ್‌ನಲ್ಲಿ ಈ ಕಮಾಂಡ್ ಜೊತೆಗೆ ಬರಲ್ಲ. ಎರಡು ಬೇರೆ ಸರ್ವರ್‌ನಿಂದ ಓಡಿಸಿದ್ರೂ ಇದು ತಡೆಯಲ್ಲ, ಅಲ್ಲಿ ಲಿಕ್ವಿಬೇಸ್‌ನ ಟೇಬಲ್ಲೇ ಗತಿ.

## ಹಂತ 6: ಡೇಟಾಬೇಸ್ ಎದ್ದಿದೆಯಾ

ಸರ್ವರ್ ರೀಸ್ಟಾರ್ಟ್ ಆದ್ಮೇಲೆ ಅಥವಾ ಕಂಟೇನರ್‌ಗಳು ಒಟ್ಟಿಗೆ ಏಳುವಾಗ ಡೇಟಾಬೇಸ್ ರೆಡಿ ಇಲ್ದೇನೇ ಸ್ಕ್ರಿಪ್ಟ್ ಶುರುವಾಗತ್ತೆ. ‘ಸ್ಲೀಪ್ 30’ ಹಾಕಿ ಕೈ ತೊಳ್ಕೊಳ್ಳೋರಿದಾರೆ, ಅದು ಒಂದಿನ ಸಾಕಾಗತ್ತೆ ಒಂದಿನ ಸಾಕಾಗಲ್ಲ. ಪೋಸ್ಟ್‌ಗ್ರೆಸ್‌ಗೆ ‘ಪಿಜಿ_ಈಸ್‌ರೆಡಿ’ ಇದೆ, 0 ಬಂದ್ರೆ ಕನೆಕ್ಷನ್ ತಗೊಳ್ತಿದೆ, 1 ಬಂದ್ರೆ ಎದ್ದಿದೆ ಆದ್ರೆ ಇನ್ನೂ ಬಿಡ್ತಿಲ್ಲ, 2 ಬಂದ್ರೆ ಉತ್ತರಾನೇ ಇಲ್ಲ. ಎರಡು ಸೆಕೆಂಡಿಗೊಂದ್ಸಲ, ಗರಿಷ್ಠ 30 ಸಲ ಅಂತ ಲೂಪ್ ಹಾಕಿ. ಮಿತಿ ಇಲ್ಲದ ಲೂಪ್ ಮಾತ್ರ ಬೇಡ. ನೆನಪಿಡಿ, ಪಿಜಿ_ಈಸ್‌ರೆಡಿ ನಿಮ್ಮ ಪಾಸ್‌ವರ್ಡ್ ಸರಿಯಿದೆಯಾ ಅಂತ ನೋಡಲ್ಲ, ಅದು ಮುಂದಿನ ಹಂತದಲ್ಲಿ ಗೊತ್ತಾಗೋದು.

## ಹಂತ 7: ಓಡಿಸೋ ಕ್ರಮ

ನೇರವಾಗಿ ‘ಅಪ್‌ಡೇಟ್’ ಹೊಡೀಬೇಡಿ. ಕ್ರಮ ಹೀಗಿರ್ಲಿ.

ಮೊದ್ಲು ‘ವ್ಯಾಲಿಡೇಟ್’. ಚೇಂಜ್‌ಲಾಗ್ ಫೈಲ್‌ನಲ್ಲಿ ತಪ್ಪಿದ್ರೆ, ಚೆಕ್‌ಸಮ್ ಹೊಂದದಿದ್ರೆ ಇಲ್ಲೇ ನಿಲ್ಲತ್ತೆ. ಚೆಕ್‌ಸಮ್ ಎರರ್ ಅಂದ್ರೆ ಈಗಾಗ್ಲೇ ಓಡಿರೋ ಚೇಂಜ್‌ಸೆಟ್ಟನ್ನ ಯಾರೋ ಆಮೇಲೆ ತಿದ್ದಿದ್ದಾರೆ ಅಂತ. ಇದಕ್ಕೆ ‘ಕ್ಲಿಯರ್-ಚೆಕ್‌ಸಮ್ಸ್’ ಅನ್ನೋ ಕಮಾಂಡನ್ನ ಸ್ಕ್ರಿಪ್ಟ್‌ನಲ್ಲೇ ಹಾಕ್ಕೊಂಡು ಆರಾಮಾಗಿರೋರಿದಾರೆ. ಅದು ಬೆಂಕಿ ಅಲಾರಾಂನ ಬ್ಯಾಟರಿ ಕಿತ್ತಿಡೋ ಕೆಲಸ. ತಿದ್ದಿದ್ದನ್ನ ವಾಪಸ್ ಮಾಡಿ, ಬದಲಾವಣೆ ಬೇಕಿದ್ರೆ ಹೊಸ ಚೇಂಜ್‌ಸೆಟ್ ಬರೀರಿ.

ಆಮೇಲೆ ‘ಸ್ಟೇಟಸ್ --ವರ್ಬೋಸ್’. ಓಡಿಸ್ಬೇಕಾಗಿರೋ ಚೇಂಜ್‌ಸೆಟ್‌ಗಳ ಪಟ್ಟಿ ಬರತ್ತೆ. ನೀವು ಎರಡು ಹೊಸದು ಸೇರಿಸಿದ್ರೆ ಎರಡೇ ಕಾಣ್ಬೇಕು. ಹಳೇ ಡೇಟಾಬೇಸ್‌ಗೆ ಹೋಗಿ ಎಲ್ಲವೂ ಬಾಕಿ ಇದೆ ಅಂತ ಪಟ್ಟಿ ಬಂದ್ರೆ ಅಲ್ಲೇ ಕೈ ಎತ್ತಿ, ಒಂದೋ ಹಂತ 2ರ ಪಾತ್ ಸಮಸ್ಯೆ, ಇಲ್ಲ ಯುಆರ್‌ಎಲ್ ಬೇರೆ ಡೇಟಾಬೇಸ್‌ಗೆ ಹೋಗ್ತಿದೆ.

ಮೂರನೇದು ‘ಅಪ್‌ಡೇಟ್-ಎಸ್‌ಕ್ಯೂಎಲ್’. ಇದು ಬದಲಾವಣೆಗಳನ್ನ ಓಡಿಸಲ್ಲ, ಓಡಿಸೋ ಎಸ್‌ಕ್ಯೂಎಲ್ ಬರೆದುಕೊಡತ್ತೆ. ‘--ಔಟ್‌ಪುಟ್-ಫೈಲ್’ ಕೊಟ್ಟು ಫೈಲ್‌ಗೆ ಇಳಿಸಿ, ‘>’ ಜೊತೆ ‘2>&1’ ಹಾಕಿದ್ರೆ ಲಾಗ್ ಸಾಲುಗಳೂ ಎಸ್‌ಕ್ಯೂಎಲ್ ಮಧ್ಯೆ ನುಸುಳತ್ತೆ. ಆ ಫೈಲ್‌ನಲ್ಲಿ ‘ಡ್ರಾಪ್’ ಅನ್ನೋ ಪದ ಇದ್ರೆ ಸ್ಕ್ರಿಪ್ಟ್ ನಿಲ್ಲೋ ಹಾಗೆ ಒಂದು ‘ಗ್ರೆಪ್’ ಹಾಕೋದು ನನಗಂತೂ ಇಷ್ಟ, ಒರಟು ಉಪಾಯ, ಆದ್ರೂ ಒಂದ್ಸಲ ಮನುಷ್ಯನ ಕಣ್ಣು ಬೀಳತ್ತೆ.

ನಾಲ್ಕನೇದು ಬ್ಯಾಕಪ್, ಫೈಲ್ ಹೆಸರಲ್ಲಿ ತಾರೀಖು, ಸಮಯ ಸೇರಿಸಿ. ಇದನ್ನ ಬಿಡಬಾರ್ದು, ಮೈಎಸ್‌ಕ್ಯೂಎಲ್ ಆದ್ರಂತೂ ಬಿಡ್ಲೇಬಾರ್ದು. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಾವಣೆಗಳು ಟ್ರಾನ್ಸಾಕ್ಷನ್ ಒಳಗೆ ಬರತ್ತೆ, ಮಧ್ಯ ಸೋತ್ರೆ ಆ ಚೇಂಜ್‌ಸೆಟ್ ಪೂರ್ತಿ ವಾಪಸ್ ಹೋಗತ್ತೆ. ಮೈಎಸ್‌ಕ್ಯೂಎಲ್ ಪ್ರತಿ ‘ಆಲ್ಟರ್’ಗೂ ತಾನಾಗೇ ಕಮಿಟ್ ಮಾಡ್ಕೊಂಡು ಹೋಗತ್ತೆ, ಒಂದು ಚೇಂಜ್‌ಸೆಟ್‌ನಲ್ಲಿ ಮೂರು ಬದಲಾವಣೆ ಇದ್ದು ಮೂರನೇದು ಸೋತ್ರೆ ಮೊದಲೆರಡು ಉಳಿದಿರತ್ತೆ, ಲಿಕ್ವಿಬೇಸ್ ಟೇಬಲ್‌ನಲ್ಲಿ ಮಾತ್ರ ಅದು ಓಡೇ ಇಲ್ಲ ಅಂತಿರತ್ತೆ, ಮತ್ತೆ ಓಡಿಸಿದ್ರೆ ಮೊದಲನೇದರಲ್ಲೇ ‘ಕಾಲಂ ಈಗಾಗ್ಲೇ ಇದೆ’ ಅಂತ ಬೀಳತ್ತೆ. ಒಂದು ಚೇಂಜ್‌ಸೆಟ್‌ಗೆ ಒಂದೇ ಬದಲಾವಣೆ ಅಂತ ಇಟ್ಕೊಂಡ್ರೆ ಈ ಗೋಳು ತಪ್ಪತ್ತೆ.

ಇಷ್ಟಾದ್ಮೇಲೆ ‘ಅಪ್‌ಡೇಟ್’. ‘--ಡೀಫಾಲ್ಟ್ಸ್-ಫೈಲ್’, ‘--ಲಾಗ್-ಲೆವೆಲ್’ ಥರದ ಗ್ಲೋಬಲ್ ಆಯ್ಕೆಗಳು ಕಮಾಂಡ್ ಹೆಸರಿಗಿಂತ ಮುಂಚೆ, ‘--ಚೇಂಜ್‌ಲಾಗ್-ಫೈಲ್’ ಥರದ್ದು ಆಮೇಲೆ. ಕೊನೆಯಲ್ಲಿ ‘</ಡೆವ್/ನಲ್’ ಹಾಕಿ, ಟೂಲ್ ಏನಾದ್ರೂ ಪ್ರಶ್ನೆ ಕೇಳಿದ್ರೆ ಉತ್ತರಕ್ಕೆ ಕಾಯ್ತಾ ರಾತ್ರಿಯೆಲ್ಲ ಕೂರೋದು ಬೇಡ.

ಒಂದು ಮಾತು ‘"$@"’ ಬಗ್ಗೆ. ಬಂದ ಆರ್ಗ್ಯುಮೆಂಟ್‌ಗಳನ್ನೆಲ್ಲ ಹಾಗೇ ಲಿಕ್ವಿಬೇಸ್‌ಗೆ ದಾಟಿಸೋದು ಸುಲಭ, ಆದ್ರೆ ಲಿಕ್ವಿಬೇಸ್‌ಗೆ ‘ಡ್ರಾಪ್-ಆಲ್’ ಅಂತಾನೂ ಒಂದು ಕಮಾಂಡ್ ಇದೆ, ಹೆಸರೇ ಹೇಳತ್ತೆ. ‘ಕೇಸ್’ ಹಾಕಿ, ಒಪ್ಪಿಗೆ ಇರೋ ನಾಲ್ಕು ಕಮಾಂಡ್ ಬಿಟ್ಟು ಬೇರೆ ಏನೇ ಬಂದ್ರೂ ವಾಪಸ್ ಕಳಿಸಿ.

## ಹಂತ 8: ಎಕ್ಸಿಟ್ ಕೋಡ್ ಮತ್ತೆ ಕಿಲ್

ಸ್ಕ್ರೀನ್‌ಗೂ ಫೈಲ್‌ಗೂ ಲಾಗ್ ಬೇಕು ಅಂತ ‘| ಟೀ ಲಾಗ್’ ಅಂತ ಹಾಕ್ತೀವಿ. ಪೈಪ್‌ಫೇಲ್ ಇಲ್ಲದಿದ್ರೆ ಎಕ್ಸಿಟ್ ಕೋಡ್ ಟೀ ಕಮಾಂಡ್‌ದು, ಅದು ಹೆಚ್ಚುಕಮ್ಮಿ ಯಾವಾಗ್ಲೂ ಗೆದ್ದಿರತ್ತೆ. ಅಪ್‌ಡೇಟ್ ಸೋತಿದೆ, ಡಿಪ್ಲಾಯ್ ಮಾತ್ರ ಹಸಿರು ತೋರಿಸ್ತಿದೆ, ಹೊಸ ಕೋಡ್ ಹಳೇ ಟೇಬಲ್ ಮೇಲೆ ಓಡ್ತಿದೆ. ಅದೇ ಥರ ಅಪ್‌ಡೇಟ್ ಸಾಲಿನ ಕೆಳಗೆ ಒಂದು ‘ಎಕೋ ಮುಗೀತು’ ಹಾಕಿದ್ರೂ ‘ಸೆಟ್ -ಇ’ ಇಲ್ಲದಿದ್ರೆ ಸ್ಕ್ರಿಪ್ಟ್‌ನ ಕೋಡ್ 0. ಬೇಕಂತಲೇ ಪಾಸ್‌ವರ್ಡ್ ತಪ್ಪು ಕೊಟ್ಟು ಓಡಿಸಿ, ತಕ್ಷಣ ‘ಎಕೋ $?’ ಹೊಡೀರಿ. 0 ಬಂದ್ರೆ ಇನ್ನೂ ಕೆಲಸ ಬಾಕಿ ಇದೆ.

ಇನ್ನು ಕಿಲ್ ಮಾಡೋದು. ಓಡ್ತಿರೋ ಸ್ಕ್ರಿಪ್ಟ್‌ಗೆ ‘ಕಿಲ್’ ಕೊಟ್ರೆ ಬ್ಯಾಶ್ ಸಾಯತ್ತೆ, ಅದು ಎಬ್ಬಿಸಿದ ಜಾವಾ ಸಾಯ್ಬೇಕು ಅಂತೇನಿಲ್ಲ. ‘ಲಿಕ್ವಿಬೇಸ್’ ಅನ್ನೋ ಕಮಾಂಡ್ ಕೂಡ ಒಳಗೆ ಒಂದು ಶೆಲ್ ಸ್ಕ್ರಿಪ್ಟೇ, ಅದರ ಕೆಳಗಿರತ್ತೆ ಜಾವಾ. ನಿಂತಿದೆ ಅಂದ್ಕೊಂಡು ನೀವು ಮತ್ತೆ ಓಡಿಸ್ತೀರ, ಹಿಂದೆ ಹಳೇ ಜಾವಾ ಇನ್ನೂ ಇಂಡೆಕ್ಸ್ ಕಟ್ತಾ ಇರತ್ತೆ. ಎಫ್‌ಲಾಕ್‌ನ ಆ ಇನ್ನೊಂದು ಲಾಭ ಇಲ್ಲಿ: 9ನೇ ಫೈಲ್ ಡಿಸ್ಕ್ರಿಪ್ಟರ್ (ಹಂತ 5ರಲ್ಲಿ 9ನೇ ನಂಬರ್‌ನಲ್ಲಿ ತೆರೆದಿಟ್ಟ ಲಾಕ್‌ಫೈಲ್) ಜಾವಾಗೂ ಹೋಗಿರತ್ತೆ, ಅದು ಬದುಕಿರೋವರೆಗೆ ಲಾಕ್ ಬಿಡಲ್ಲ, ಹೊಸ ಓಟ ಬಾಗಿಲಲ್ಲೇ ನಿಲ್ಲತ್ತೆ. ಆಗ ‘ಪಿಗ್ರೆಪ್ -ಎಫ್ ಲಿಕ್ವಿಬೇಸ್’ ಹೊಡೆದು ನೋಡಿ.

ಕೋಡ್ 137 ಅಂದ್ರೆ ಯಾರೋ ‘ಕಿಲ್ -9’ ಕೊಟ್ಟಿದ್ದಾರೆ, ಅಥವಾ ಮೆಮೊರಿ ಸಾಲದೆ ಕರ್ನಲ್ಲೇ ಹೊಡೆದಿದೆ. 143 ಅಂದ್ರೆ ಮಾಮೂಲಿ ಕಿಲ್, 130 ಅಂದ್ರೆ ಕಂಟ್ರೋಲ್ ಸಿ.

## ಹಂತ 9: ಕ್ರಾನ್‌ಗೆ ಹಾಕೋ ಮುಂಚೆ ಬರಿಗೈ ಪರೀಕ್ಷೆ

‘ಎನ್ವ್ -ಐ /ಬಿನ್/ಬ್ಯಾಶ್’ ಅಂತ ಬರೆದು ಮುಂದೆ ಸ್ಕ್ರಿಪ್ಟ್‌ನ ಪೂರ್ತಿ ಪಾತ್ ಕೊಟ್ಟು ಓಡಿಸಿ, ಅದೂ ರೂಟ್ ಫೋಲ್ಡರ್ ‘/’ನಲ್ಲಿ ನಿಂತು. ನಿಮ್ಮ ಟರ್ಮಿನಲ್ ಎಕ್ಸ್‌ಪೋರ್ಟ್ ಮಾಡಿಟ್ಟಿದ್ದೆಲ್ಲ ಇಲ್ಲಿ ಖಾಲಿ. ಇದರಲ್ಲಿ ಪಾಸಾದ್ರೆ ಕ್ರಾನ್‌ನಲ್ಲೂ ಬಹುತೇಕ ಪಾಸ್.

ಕ್ರಾನ್‌ನಲ್ಲಿ ಪಾತ್ ವೇರಿಯಬಲ್ ಸಾಮಾನ್ಯವಾಗಿ ‘/ಯುಎಸ್‌ಆರ್/ಬಿನ್:/ಬಿನ್’ ಅಷ್ಟೇ, ಆದ್ರಿಂದ ಸ್ಕ್ರಿಪ್ಟ್ ಮೇಲ್ಗಡೆನೇ ಪಾತ್ ಬರೀರಿ. ಕ್ರಾನ್‌ಟ್ಯಾಬ್ ಸಾಲಿನಲ್ಲಿ ‘%’ ಬಂದ್ರೆ ಅದು ಹೊಸ ಸಾಲು ಅಂತ ಲೆಕ್ಕ, ತಾರೀಖು ಹಾಕಿದ ಲಾಗ್ ಹೆಸರು ಕೊಡೋಕೆ ಹೋಗಿ ಸಾಲು ಅಲ್ಲೇ ತುಂಡಾಗತ್ತೆ. ‘%’ಗಿಂತ ಮುಂಚೆ ಬ್ಯಾಕ್‌ಸ್ಲ್ಯಾಶ್ ಹಾಕಿ, ಇಲ್ಲ ತಾರೀಖನ್ನ ಸ್ಕ್ರಿಪ್ಟ್ ಒಳಗೇ ಮಾಡ್ಕೊಳ್ಳಿ.

ನನ್ನ ಕೇಳಿದ್ರೆ ಪ್ರೊಡಕ್ಷನ್‌ನಲ್ಲಿ ಕ್ರಾನ್‌ನಿಂದ ‘ಸ್ಟೇಟಸ್’ ಮಾತ್ರ ಓಡ್ಲಿ, ಬಾಕಿ ಇದ್ರೆ ಮೇಲ್ ಬರ್ಲಿ. ‘ಅಪ್‌ಡೇಟ್’ ಅನ್ನೋದು ಡಿಪ್ಲಾಯ್ ಜೊತೆ, ಯಾರಾದ್ರೂ ಎಚ್ಚರ ಇರೋ ಹೊತ್ತಲ್ಲಿ ಆಗ್ಬೇಕು.

## ಲಾಕ್ ಸಿಕ್ಕಿಹಾಕ್ಕೊಂಡ್ರೆ

‘ವೇಟಿಂಗ್ ಫಾರ್ ಚೇಂಜ್‌ಲಾಗ್ ಲಾಕ್’ ಅಂತ ಸಾಲು ಸಾಲು ಬರ್ತಾ ಇದ್ರೆ ಹಿಂದಿನ ಓಟ ಅರ್ಧಕ್ಕೆ ಸತ್ತಿರ್ಬೋದು, ಅಥವಾ ನಿಜವಾಗ್ಲೂ ಇನ್ನೂ ಓಡ್ತಿರ್ಬೋದು. ಲಿಕ್ವಿಬೇಸ್ ಮಾಮೂಲಿಯಾಗಿ 5 ನಿಮಿಷ ಕಾದು ಆಮೇಲೆ ಸೋಲತ್ತೆ. ಆ 5 ನಿಮಿಷದಲ್ಲಿ ಗಾಬರಿಯಾಗಿ ‘ರಿಲೀಸ್-ಲಾಕ್ಸ್’ ಹೊಡೀಬೇಡಿ. ಮೊದ್ಲು ‘ಲಿಸ್ಟ್-ಲಾಕ್ಸ್’, ಯಾವ ಮೆಷಿನ್ ಯಾವಾಗಿಂದ ಹಿಡ್ಕೊಂಡಿದೆ ಅಂತ ಬರತ್ತೆ. ಆ ಮೆಷಿನ್‌ಗೆ ಹೋಗಿ ಜಾವಾ ಬದುಕಿದೆಯಾ ನೋಡಿ, ಡೇಟಾಬೇಸ್ ಕಡೆಯಿಂದಲೂ ಓಡ್ತಿರೋ ಕ್ವೆರಿ ನೋಡಿ, ಪೋಸ್ಟ್‌ಗ್ರೆಸ್ ಆದ್ರೆ ‘ಪಿಜಿ_ಸ್ಟ್ಯಾಟ್_ಆಕ್ಟಿವಿಟಿ’, ಮೈಎಸ್‌ಕ್ಯೂಎಲ್ ಆದ್ರೆ ‘ಶೋ ಪ್ರೋಸೆಸ್‌ಲಿಸ್ಟ್’. ಎರಡೂ ಕಡೆ ಯಾರೂ ಇಲ್ಲ ಅಂತ ಖಾತ್ರಿ ಆದ್ಮೇಲೆ ‘ರಿಲೀಸ್-ಲಾಕ್ಸ್’ ಅನ್ನ ಕೈಯಲ್ಲೇ ಟೈಪ್ ಮಾಡಿ, ಸ್ಕ್ರಿಪ್ಟ್ ಒಳಗೆ ಬೇಡ. ಮತ್ತೆ ಓಡಿಸುವಾಗ ಹಂತ 7ರ ‘ವ್ಯಾಲಿಡೇಟ್’ನಿಂದಲೇ ಶುರು ಮಾಡಿ, ನಿಂತಿದ್ದ ಜಾಗದಿಂದ ಅಲ್ಲ, ಮೈಎಸ್‌ಕ್ಯೂಎಲ್ ಆಗಿದ್ರೆ ಅರ್ಧ ಓಡಿರೋ ಚೇಂಜ್‌ಸೆಟ್ ಉಳಿಸಿಹೋಗಿರೋ ಕಾಲಂ, ಇಂಡೆಕ್ಸ್ ಏನೇನಿದೆ ಅಂತ ಮೊದ್ಲು ನೋಡ್ಕೊಂಡು.